ಸುರತ್ಕಲ್‌ನಿಂದ ಅಕ್ಕನಿಗೆ

ಸುರತ್ಕಲ್, ಭಾನುವಾರ



ನನ್ನ ಕೂಸು ಆರಾಮ ಇದ್ದಾಳೆ. ಹಾಸ್ಟೆಲ್ ಊಟದ ಮೇಲೆ ದೂರು ಹೇಳುತ್ತಾಳೆ, ತೂಕವೇನೂ ಇಳಿದಿಲ್ಲ. ನೀನು ಕೊಟ್ಟ ತೊಡದೇವು ಅವಳ ಗೆಳತಿಯರ ಕೈಗೆ ಸಿಕ್ಕಿ ಆಗಲೇ ಮುಗಿಯಿತು.

ಶಿರಸಿಯಿಂದ ಹೊರಡುವಾಗ ನೀನು ಕೇಳಿದ್ದೆಯಲ್ಲ, "ಕುವೈತ್‌ನಲ್ಲೇ ಹುಟ್ಟಿ ಬೆಳೆದವಳು, ಓದು ಮುಗಿದ ಮೇಲೆ ಅಲ್ಲೇ ಕೆಲಸಕ್ಕೆ ಸೇರಿದರಾಯಿತು, ಅದಕ್ಕೇಕೆ ಇಷ್ಟು ತಲೆಬಿಸಿ?" ಅಂತ. ಭಾವನೂ ತಲೆ ಆಡಿಸಿದ. ಬಸ್ಸಿಗೆ ಹೊತ್ತಾಗಿತ್ತು, ಉತ್ತರ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ.

ಇಲ್ಲಿ ಹೆದ್ದಾರಿಯ ಪಕ್ಕದಲ್ಲೇ ಕೂಸಿನ ಕಾಲೇಜು, ಪಶ್ಚಿಮಕ್ಕೆ ಸಮುದ್ರ, ದೀಪಸ್ತಂಭ. 1960ರಲ್ಲಿ ಕೆಆರ್‌ಇಸಿ ಎಂಬ ಎಂಜಿನಿಯರಿಂಗ್ ಕಾಲೇಜಾಗಿ ಶುರುವಾಗಿದ್ದು 2002ರಲ್ಲಿ ಎನ್‌ಐಟಿಕೆ ಆಯಿತು. ಹಳಬರ ಬಾಯಲ್ಲಿ ಇನ್ನೂ ಕೆಆರ್‌ಇಸಿಯೇ. ಇದನ್ನು ಇಲ್ಲಿಗೆ ತಂದವರು ಉಳ್ಳಾಲ ಶ್ರೀನಿವಾಸ ಮಲ್ಯರು. ಬಜ್ಪೆಯ ವಿಮಾನ ನಿಲ್ದಾಣ, ಪಣಂಬೂರಿನ ಬಂದರಿನ ಹಿಂದೆಯೂ ಅವರೇ. ಹುಡುಗರು ಓದುವ ಜಾಗವನ್ನೂ ಊರು ಬಿಟ್ಟು ಹೋಗುವ ದಾರಿಯನ್ನೂ ಒಬ್ಬರೇ ಮಾಡಿಕೊಟ್ಟಂತಾಯಿತು!

ಕೂಸಿಗೆ ಸೀಟು ಸಿಕ್ಕಿದ್ದು 'ಡಾಸಾ' ಯೋಜನೆಯಲ್ಲಿ, ಅಂದರೆ ಹೊರದೇಶದಲ್ಲಿ ಓದಿದ ಮಕ್ಕಳಿಗೆಂದು ಇಟ್ಟ ಹೆಚ್ಚುವರಿ ಸೀಟು. ಅದರಲ್ಲಿ ಮೂರನೇ ಒಂದು ಭಾಗ ಗಲ್ಫ್‌ನಲ್ಲಿ ದುಡಿಯುವ ನಮ್ಮಂಥವರ ಮಕ್ಕಳಿಗೆ. ಅಂಥ ಹುಡುಗರು ಇಲ್ಲಿ ಒಂದು ಗುಂಪೇ ಇದ್ದಾರೆ. ಮಸ್ಕತ್‌ನವನು, ದೋಹಾದವಳು. ಮನೆಯಲ್ಲಿ ಕನ್ನಡವೋ ತುಳುವೋ, ಶಾಲೆಯಲ್ಲಿ ಹಿಂದಿ, ಮಲಯಾಳ, ಒಂದಿಷ್ಟು ಅರಬ್ಬಿ. ರಂಜಾನ್ ತಿಂಗಳಲ್ಲಿ ಕಚೇರಿ ಹೇಗೆ ನಡೆಯುತ್ತದೆ, ಈಜಿಪ್ಟಿನ ಮ್ಯಾನೇಜರ್ ಹತ್ತಿರ ಹೇಗೆ ಮಾತಾಡಬೇಕು ಎಂದು ಇವರಿಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಕೂಸು ಕ್ಯಾಂಟೀನಿನವರಿಗೆ ತುಳುವಿನಲ್ಲಿ "ಎಂಚ ಉಲ್ಲರ್?" (ಹೇಗಿದ್ದೀರಿ?) ಅನ್ನುವಷ್ಟು ಆಗಿದ್ದಾಳೆ. ಗಲ್ಫ್‌ನ ಸೈಟಿನಲ್ಲಿ ಇಂಥ ಬಳಕೆಗೆ ಬೆಲೆ ಇದೆ, ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಅಕ್ಕಾ, ಸೈಟಿನ ಒಳಗೆ ಹೋಗಲಿಕ್ಕೆ ಮೊದಲು ಕಾಗದ ಬೇಕು. ಕುವೈತ್‌ನಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಆ ದೇಶದವರಾಗುವುದಿಲ್ಲ. ಕೆಲಸಕ್ಕೆ ಸೇರುವಾಗ ಅವಳೂ ಊರಿನಿಂದ ಹೊಸದಾಗಿ ಬಂದವರ ಸಾಲಿನಲ್ಲೇ ನಿಲ್ಲಬೇಕು. 2018ರಿಂದ ಕುವೈತ್‌ನಲ್ಲಿ ಎಂಜಿನಿಯರ್ ಎಂಬ ಹುದ್ದೆಗೆ ಅಲ್ಲಿನ ಎಂಜಿನಿಯರುಗಳ ಸಂಘದ ಒಪ್ಪಿಗೆಪತ್ರ ಕಡ್ಡಾಯ ಮಾಡಿದರು. ಭಾರತದ ಡಿಗ್ರಿಗೆ ನಮ್ಮ ರಾಷ್ಟ್ರೀಯ ಮಾನ್ಯತಾ ಮಂಡಳಿಯ, ಅಂದರೆ ಎನ್‌ಬಿಎಯ, ಮಾನ್ಯತೆ ಇದ್ದರೆ ಮಾತ್ರ ಅದು ಸಿಗುವುದು. ಎನ್‌ಬಿಎ ಹುಟ್ಟಿದ್ದೇ 1994ರಲ್ಲಿ. ಅದಕ್ಕೂ ಮುಂಚೆ ಪಾಸಾಗಿ ಅಲ್ಲಿ ತಲೆಗೂದಲು ಹಣ್ಣು ಮಾಡಿಕೊಂಡವರು ಆ ಮಾನ್ಯತೆಯನ್ನು ಎಲ್ಲಿಂದ ತರಬೇಕು? ಎಷ್ಟೋ ಜನ ಹುದ್ದೆಯ ಹೆಸರನ್ನೇ ಬದಲಾಯಿಸಿಕೊಂಡು ಉಳಿದರು. ಇನ್ನೂ ಒಂದು ವಿಷಯ: ಈ ಮಾನ್ಯತೆ ಇಡೀ ಕಾಲೇಜಿಗಲ್ಲ, ಒಂದೊಂದು ಬ್ರಾಂಚಿಗೆ, ಇಂತಿಷ್ಟು ವರ್ಷಕ್ಕೆ ಅಂತ ಸಿಗುವುದು. ಕಾಲೇಜಿನ ಹೆಸರು ಎಷ್ಟೇ ದೊಡ್ಡದಿರಲಿ, ಕೌಂಟರಿನಲ್ಲಿ ಕೂತವನು ನೋಡುವುದು ಮಾನ್ಯತೆ ಪಡೆದ ಬ್ರಾಂಚುಗಳ ಪಟ್ಟಿಯನ್ನು.

ಬೇರೆ ದೇಶಗಳ ಮಾತು ಚುಟುಕಾಗಿ ಹೇಳುತ್ತೇನೆ. ಅಮೆರಿಕಾ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿತು. ಹೊಸಬಳಿಗಾಗಿ ಅಷ್ಟು ಕಟ್ಟುವ ಕಂಪನಿ ಯಾವುದು? ಜರ್ಮನಿ ಭಾರತದ ಕುಶಲ ಕೆಲಸಗಾರರ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ 2024ರಲ್ಲಿ ಹೇಳಿತು. ಆದರೆ ಆ ಭಾಷೆ ಕಲಿಯದೆ ಅಲ್ಲಿ ಕಾರ್ಖಾನೆಯ ಕೆಲಸ ಕಷ್ಟ. ಐದಾರು ಭಾಷೆಗಳ ನಡುವೆ ಬೆಳೆದವಳಿಗೆ ಇನ್ನೊಂದು ಭಾರವಾಗಲಿಕ್ಕಿಲ್ಲ. ಸಂಜೆ ಜರ್ಮನ್ ಕ್ಲಾಸಿಗೆ ಸೇರಿದ್ದಾಳೆ.

ಅವಳದು ಕೆಮಿಕಲ್. ರಾತ್ರಿ ಇಲ್ಲಿಂದಲೇ ಎಂಆರ್‌ಪಿಎಲ್ ರಿಫೈನರಿಯ ಬೆಂಕಿ ಕಾಣುತ್ತದೆ. ಮೊದಲು ಎರಡು ಮೂರು ವರ್ಷ ಇಲ್ಲೇ ಯಾವುದಾದರೂ ರಿಫೈನರಿಯಲ್ಲಿ ಕೆಲಸ ಮಾಡಿದರೆ, ಆಮೇಲೆ ಗಲ್ಫ್‌ನವರೇ ಕರೆಯುತ್ತಾರೆ ಎಂಬುದು ನನ್ನ ಲೆಕ್ಕ. ಅನುಭವವಿಲ್ಲದವರಿಗೆ ಅಲ್ಲಿ ಕೊಡುವ ಸಂಬಳ ನೋಡಿದರೆ ಮಂಗಳೂರೇ ವಾಸಿ. ರಿಫೈನರಿಯ ಕೆಲಸಕ್ಕೆಂದು ಗೇಟ್ ಪರೀಕ್ಷೆಗೂ ಓದುತ್ತಿದ್ದಾಳೆ. ಬ್ರಾಂಚಿನ ಮಾನ್ಯತಾಪತ್ರದ ಪ್ರತಿಯನ್ನು ನಾಳೆ ಆಫೀಸಿನಲ್ಲಿ ಕೇಳಿ ಇಸಿದುಕೊಳ್ಳುತ್ತೇನೆ.

ರಜೆಗೆ ಅವಳು ಶಿರಸಿಗೆ ಬಂದಾಗ ಯಾವ ದೇಶಕ್ಕೆ ಹೋಗುತ್ತೀಯೆ ಎಂದು ನೀನೂ ಭಾವನೂ ಕೇಳಬೇಡಿ. ಮದುವೆ ಮಾತಂತೂ ಎತ್ತಲೇಬೇಡಿ.

ನಿನ್ನ ತಮ್ಮ