ಕಾನೂನಿನ ಪರ ವಾದ ಮಾಡೋರು ಯಾರು?

ಕ್ಯಾಲಿಫೋರ್ನಿಯಾದಲ್ಲಿ ಆಗ ಇದ್ದವರಿಗೆ ಪ್ರೊಪೊಸಿಷನ್ 8 ನೆನಪಿರಬಹುದು. ಮದುವೆ ಅಂದ್ರೆ ಒಂದು ಗಂಡು, ಒಂದು ಹೆಣ್ಣಿನ ನಡುವೆ ಮಾತ್ರ ಎಂಬ ಸಾಲನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಲು 2008ರ ನವೆಂಬರಿನಲ್ಲಿ ಶೇಕಡಾ 52ರಷ್ಟು ಮತದಾರರು ಒಪ್ಪಿದರು. ಮರುವರ್ಷವೇ ಎರಡು ಜೋಡಿಗಳು, ಇದು ಅಮೆರಿಕದ ಸಂವಿಧಾನಕ್ಕೆ ವಿರುದ್ಧ ಅಂತ ಫೆಡರಲ್ ಕೋರ್ಟಿಗೆ ಹೋದವು.

ರಾಜ್ಯದ ಕಾನೂನನ್ನು ಯಾರಾದರೂ ಹೀಗೆ ಪ್ರಶ್ನಿಸಿದರೆ, ಅದರ ಪರವಾಗಿ ಸಾಮಾನ್ಯವಾಗಿ ವಾದಿಸೋದು ರಾಜ್ಯದ ಅಟಾರ್ನಿ ಜನರಲ್. ನಮ್ಮ ಕರ್ನಾಟಕದ ಅಡ್ವೊಕೇಟ್ ಜನರಲ್ ಇದ್ದ ಹಾಗೆ ಅನ್ನಿ. ಅವರನ್ನು ರಾಜ್ಯಪಾಲರು ನೇಮಿಸುತ್ತಾರೆ, ಕ್ಯಾಲಿಫೋರ್ನಿಯಾದವರನ್ನು ಜನರೇ ಆರಿಸುತ್ತಾರೆ. ಆಗಿನ ಅಟಾರ್ನಿ ಜನರಲ್ ಜೆರ್ರಿ ಬ್ರೌನ್, ಈ ಸಾಲು ಸಂವಿಧಾನಬಾಹಿರ ಅಂತ ತಾವೇ ಕೋರ್ಟಿಗೆ ಹೇಳಿಬಿಟ್ಟರು! ಗವರ್ನರ್ ಶ್ವಾರ್ಝನೆಗ್ಗರ್ ಸಮರ್ಥನೆಗೆ ಬರಲಿಲ್ಲ. ಆಮೇಲೆ ಅಟಾರ್ನಿ ಜನರಲ್ ಆದ ಕಮಲಾ ಹ್ಯಾರಿಸ್ ಕೂಡ ಬರಲಿಲ್ಲ. ಕೇಸು ಮುಗಿಯೋವರೆಗೆ ಕಾನೂನು ಜಾರಿಯಲ್ಲೇ ಇತ್ತು, ಅದರ ಪರ ಸರ್ಕಾರ ಮಾತ್ರ ಬಾಯಿ ಬಿಡಲಿಲ್ಲ.

ಕೊನೆಗೆ ಅದನ್ನು ಮತಕ್ಕೆ ತಂದ ಪ್ರಚಾರಕರೇ ವಕೀಲರನ್ನಿಟ್ಟು ವಾದಿಸಿದರು. 2010ರಲ್ಲಿ ಸೋತರು, ಮೇಲ್ಮನವಿ ಹಾಕಿದರು. 2013ರ ಜೂನ್ 26ರಂದು ಸುಪ್ರೀಂ ಕೋರ್ಟು 5-4ರಲ್ಲಿ ಹೇಳಿದ್ದು ಇಷ್ಟೇ: ನಿಮಗೆ ಸ್ವಂತದ ನಷ್ಟ ಏನೂ ಆಗಿಲ್ಲ, ಮೇಲ್ಮನವಿ ಹಾಕೋ ಹಕ್ಕು ನಿಮಗಿಲ್ಲ. ಹಕ್ಕಿದ್ದ ಸರ್ಕಾರಕ್ಕೆ ಮನಸ್ಸಿಲ್ಲ. ಹಾಗಾಗಿ ಕೆಳಗಿನ ಕೋರ್ಟಿನ ತೀರ್ಪೇ ಉಳಿಯಿತು, ಎರಡೇ ದಿನದಲ್ಲಿ ಮದುವೆಗಳು ಮತ್ತೆ ಶುರುವಾದವು.

ಫಲಿತಾಂಶ ನನಗೆ ಸಂತೋಷವೇ. ಆದರೆ ದಾರಿ ಸರಿ ಕಾಣಲ್ಲ. ಜನಮತದಿಂದ ಬಂದ ಕಾನೂನಿಗೆ ಅಲ್ಲಿ ಗವರ್ನರ್ ವೀಟೋ ಹಾಕುವಂತಿಲ್ಲ. ಕೋರ್ಟಿನಲ್ಲಿ ಸುಮ್ಮನಿದ್ದರೆ ಸಾಕು, ಅದೇ ವೀಟೋ ಆಗುತ್ತಲ್ಲ? ನಾಳೆ ನಿಮಗೆ ಬೇಕಾದ ಕಾನೂನಿನ ಗತಿಯೂ ಇದೇ ಆಗಬಹುದು. 2014ರಲ್ಲಿ ಕೆಂಟಕಿಯ ಅಟಾರ್ನಿ ಜನರಲ್ ಇಂಥದ್ದೇ ಕೇಸಿನಲ್ಲಿ ಹಿಂದೆ ಸರಿದಾಗ, ಗವರ್ನರ್ ಹೊರಗಿನ ವಕೀಲರನ್ನು ನೇಮಿಸಿ ಮೇಲ್ಮನವಿ ನಡೆಸಿದರು. ನನ್ನ ಕಣ್ಣಿಗೆ ಅದೇ ಮರ್ಯಾದೆಯ ದಾರಿ.

ಕರ್ನಾಟಕದ ಭಾಷಾ ಮಾಧ್ಯಮದ ಕೇಸು ನೋಡಿ. 1ರಿಂದ 4ನೇ ತರಗತಿವರೆಗೆ ಪಾಠ ಮಾತೃಭಾಷೆ ಅಥವಾ ಕನ್ನಡದಲ್ಲೇ ಇರಬೇಕು ಅಂತ 1994ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2008ರಲ್ಲಿ ಹೈಕೋರ್ಟಿನಲ್ಲಿ ಸೋತ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, 2014ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಅಲ್ಲೂ ಸೋತಿತು. ಆ 20 ವರ್ಷದಲ್ಲಿ ಎಷ್ಟೋ ಸರ್ಕಾರಗಳು ಬಂದವು, ಹೋದವು. ವಾದ ಮಾತ್ರ ನಿಲ್ಲಲಿಲ್ಲ. (ಆ ಮಂತ್ರಿಗಳಲ್ಲಿ ಎಷ್ಟು ಜನ ತಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದ್ರು ಅನ್ನೋದು ಬೇರೆಯೇ ಎಪಿಸೋಡು!)

ಕನ್ನಡ ಮಾಧ್ಯಮ ಬೇಕು ಅನ್ನುವ ನನಗೆ ಆ ತೀರ್ಪು ಓದುವಾಗ ಬೇಜಾರಾಗುತ್ತೆ. ಆದರೆ ಅದರಲ್ಲಿ ಉತ್ತರ ಇದೆ: ಮಗುವಿನ ಮಾತೃಭಾಷೆ ಯಾವುದು ಅಂತ ಹೇಳೋರು ತಂದೆ-ತಾಯಿ, ಕಲಿಕೆಯ ಭಾಷೆಯನ್ನು ಸರ್ಕಾರ ಹೇರುವಂತಿಲ್ಲ. ಒಪ್ಪದಿದ್ದರೆ ಯಾವ ಸಾಲಿನ ಜತೆ ಜಗಳ ಆಡಬೇಕು ಅನ್ನೋದಾದರೂ ಗೊತ್ತಾಗುತ್ತೆ. ಪ್ರೊಪೊಸಿಷನ್ 8ರ ತೀರ್ಪಿನಲ್ಲಿ, ಮದುವೆಯ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟು ಒಂದು ಮಾತೂ ತೀರ್ಮಾನಿಸಲಿಲ್ಲ. ಅದಕ್ಕೆ ಇಡೀ ದೇಶ 2015ರವರೆಗೆ ಕಾಯಬೇಕಾಯಿತು.