ನಾದದ ಪೆಟ್ಟಿಗೆಗೆ ಕಾಲು

ಮನೆಗೆ ಬರುವ ಯಾವ ವಸ್ತುವೂ ಒಂಟಿಯಾಗಿ ಬರುವುದಿಲ್ಲ. ಮಂಚವು ಹಾಸಿಗೆಯನ್ನು ಕರೆಯುತ್ತದೆ. ಹಾಸಿಗೆಯು ಸೊಳ್ಳೆಪರದೆಯನ್ನು ಕರೆಯುತ್ತದೆ. ನೆಲದ ಮೇಲೆ ನಿಲ್ಲುವ, ಸೊಂಟಕ್ಕಿಂತ ಎತ್ತರದ ಸ್ಪೀಕರುಗಳ ಜೋಡಿಯೊಂದು ಬಂದ ದಿನ, ಇನ್ನು ಸಂಗೀತ ಕೇಳುವುದೊಂದೇ ಬಾಕಿ ಎಂದು ಗೃಹಸ್ಥನು ಭಾವಿಸುತ್ತಾನೆ. ಎರಡು ವಾರ ಕಳೆಯುವುದರೊಳಗೆ ಅವಕ್ಕೆ ಕಾಲು ಬೇಕೆಂಬ ಚಿಂತೆ ಅವನನ್ನು ಹತ್ತುತ್ತದೆ. ಉಕ್ಕಿನ ಮೊಳೆಗಾಲು, ರಬ್ಬರಿನ ಮೆತ್ತೆ, ಒಳಗೆ ಸ್ಪ್ರಿಂಗ್ ಅಡಗಿದ ಬಟ್ಟಲು, ಕಲ್ಲಿನ ಪೀಠ, ಹೀಗೆ ಅಂಗಡಿಯವನ ಬಳಿ ಇಲ್ಲದ ಕಾಲಿಲ್ಲ. ಬೆಲೆಯನ್ನು ಕೇಳಿದ ಗೃಹಿಣಿ, “ಅಲ್ಲಾರೀ, ಕಾಲಿಗೇ ಇಷ್ಟಾದರೆ ನಾಳೆ ಅದಕ್ಕೆ ಮೆಟ್ಟು ಬೇರೆ ತರಬೇಕೇನು?” ಎಂದರೆ ಆಕೆಯನ್ನು ತಪ್ಪೆನ್ನುವಂತಿಲ್ಲ.

ಕನ್ನಡನಾಡಿನ ಮನೆಗಳಲ್ಲಿ ಈ ಚಿಂತೆ ಅಷ್ಟಾಗಿ ಬಾಧಿಸದು. ಇಲ್ಲಿ ನೆಲವೆಂದರೆ ಕಲ್ಲು, ಗಾರೆ ಅಥವಾ ಟೈಲು. ಅದರ ಮೇಲೆ ನವಲಗುಂದದ ಜಮಖಾನೆಯನ್ನು ಹಾಸಿದರೂ ಅದು ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬದ ಸ್ಥಿತಿ ಬೇರೆ. ಅಲ್ಲಿಯ ಅನೇಕ ಮನೆಗಳಲ್ಲಿ ಮಹಡಿಯ ನೆಲವೆಂದರೆ ೧೬ ಅಂಗುಲಕ್ಕೊಂದರಂತೆ ಜೋಡಿಸಿದ ಮರದ ತೊಲೆಗಳು. ಅವುಗಳ ಮೇಲೆ ಪ್ಲೈವುಡ್ ಹಲಗೆ. ಹಲಗೆಯ ಮೇಲೆ ಸ್ಪಂಜಿನ ಹಾಸು. ಎಲ್ಲಕ್ಕೂ ಮೇಲೆ ಗೋಡೆಯಿಂದ ಗೋಡೆಗೆ ರತ್ನಗಂಬಳಿ. ನಡೆಯುವವರ ಪಾದಕ್ಕೆ ಅದು ಸುಖ, ನಿಂತ ಸ್ಪೀಕರಿಗೆ ಸಂಕಟ. ಬೆರಳಿನಿಂದ ಮೆಲ್ಲನೆ ತಳ್ಳಿದರೂ ಅದು ದೋಣಿಯಲ್ಲಿ ನಿಂತವನಂತೆ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಎದ್ದು ನಿಲ್ಲಲು ಈಗಷ್ಟೇ ಕಲಿಯುತ್ತಿರುವ ಮಗುವೊಂದು ಆ ಕೋಣೆಯಲ್ಲಿದ್ದು, ಆರು ತಿಂಗಳ ಮಟ್ಟಿಗೆಂದು ಮೈಸೂರಿನಿಂದ ಬಂದ ತಾಯಿ ಕೆಳಗಿನ ಕೋಣೆಯಲ್ಲಿ ಮಲಗುತ್ತಿದ್ದರೆ, ಕಾಲಿನ ಪ್ರಶ್ನೆ ಕೇವಲ ಸಂಗೀತದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಪೆಟ್ಟಿಗೆ ತೂಗಿದರೆ ನಾದಕ್ಕೇನು ನಷ್ಟ? ಸುರುಳಿಯ ಬಲದಿಂದ ಕಾಗದದ ಶಂಕುವನ್ನು ಅಲುಗಿಸಿ ಧ್ವನಿ ಹೊರಡಿಸುವ ಈ ಬಗೆಯ ಸ್ಪೀಕರಿನ ರೀತಿಯನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬವರು ೧೯೨೫ರಲ್ಲಿ ಲೋಕಕ್ಕೆ ವಿವರಿಸಿದರು. ಶಂಕುವು ಮುಂದಕ್ಕೆ ಚಿಮ್ಮಿದಾಗ ಪೆಟ್ಟಿಗೆ ಹಿಂದಕ್ಕೆ ನೂಕಲ್ಪಡಬೇಕು. ಇದು ನ್ಯೂಟನ್ನನ ನಿಯಮ, ಇದಕ್ಕೆ ವಿನಾಯಿತಿ ಇಲ್ಲ. ಶಂಕುವಿನ ತೂಕ ೨೫ ಗ್ರಾಂ, ಪೆಟ್ಟಿಗೆಯದು ೨೫ ಕಿಲೋ ಎಂದುಕೊಂಡರೆ, ಶಂಕು ೫ ಮಿಲಿಮೀಟರ್ ಚಲಿಸಿದಾಗ ಪೆಟ್ಟಿಗೆಯ ಪಾಲಿಗೆ ಬರುವುದು ಅದರ ಸಾವಿರದಲ್ಲೊಂದು ಭಾಗ. ತಲೆಗೂದಲಿನ ದಪ್ಪಕ್ಕೆ ಹೋಲಿಸಿದರೆ ಅದು ಹತ್ತರಲ್ಲೊಂದಕ್ಕಿಂತಲೂ ಕಡಿಮೆ. ಅಷ್ಟನ್ನು ಕಿವಿ ಗುರುತಿಸುವುದೇ ಎಂಬ ವಾದ ರಸಿಕರ ನಡುವೆ ಇನ್ನೂ ಮುಗಿದಿಲ್ಲ. ಆದರೆ ಪೆಟ್ಟಿಗೆಯ ನಡುಕವು ನೆಲಕ್ಕಿಳಿದು, ಆ ನೆಲವೇ ಮದ್ದಳೆಯ ಚರ್ಮದಂತೆ ಮಿಡಿದರೆ, ಮಂದ್ರದ ಸ್ವರಗಳು ಊದಿಕೊಂಡು ಉಳಿದವನ್ನು ಮುಚ್ಚುವುದು ಎಲ್ಲರಿಗೂ ಕೇಳಿಸುವ ಸಂಗತಿ.

ಆದ್ದರಿಂದ ಕಾಲನ್ನು ಕೊಳ್ಳುವ ಮುನ್ನ ಗಂಬಳಿಯ ಕೆಳಗೆ ಏನಿದೆಯೆಂದು ನೋಡಬೇಕು. ನೆಲಮಟ್ಟದ ಕೋಣೆಯಾಗಿ, ಕೆಳಗೆ ಗಟ್ಟಿ ಕಾಂಕ್ರೀಟು ಇದ್ದರೆ ಮೊಳೆಗಾಲೇ ಸಾಕು. ಅದರ ಮೊನೆ ಗಂಬಳಿಯ ಎಳೆಗಳ ನಡುವೆ ನುಸುಳಿ ನೆಲವನ್ನು ಮುಟ್ಟುತ್ತದೆ. ಪೆಟ್ಟಿಗೆ ಕಂಬದಂತೆ ನಿಲ್ಲುತ್ತದೆ. ಹಾದಿಯಲ್ಲಿ ವಿದ್ಯುತ್ ತಂತಿ ಹಾದುಹೋಗಿಲ್ಲವೆಂದು ಮೊದಲೇ ನೋಡಿಕೊಂಡು, ನಾಲ್ಕೂ ಮೊಳೆಗಳನ್ನು ಸಮಮಾಡಿ ತಿರುಪುಗಳನ್ನು ಬಿಗಿದರಾಯಿತು. ಇಷ್ಟನ್ನು ಮಾತ್ರ ಮರೆಯಬಾರದು: ಮೊಳೆಗಾಲು ಪೆಟ್ಟಿಗೆಯನ್ನು ನೆಲಕ್ಕೆ ಬಂಧಿಸುತ್ತದೆ, ಬೇರ್ಪಡಿಸುವುದಿಲ್ಲ. ಮರದ ತೊಲೆಗಳ ಮಹಡಿಯಲ್ಲಿ ಇದೇ ಉಪಕಾರವು ಅಪಕಾರವಾಗುತ್ತದೆ.

ಮಹಡಿಯಲ್ಲಿ ಬೇಕಾದದ್ದು ಬಳುಕುವ ಕಾಲು. ಭಾರಕ್ಕೆ ಸ್ಪ್ರಿಂಗ್ ೧ ಮಿಲಿಮೀಟರ್ ಕುಗ್ಗಿದರೆ ಅದರ ಸಹಜ ಕಂಪನ ಸೆಕೆಂಡಿಗೆ ಸುಮಾರು ೧೬. ೪ ಮಿಲಿಮೀಟರ್ ಕುಗ್ಗಿದರೆ ೮. ಈ ಸಂಖ್ಯೆಯ ಸುಮಾರು ಒಂದೂವರೆ ಪಟ್ಟಿಗಿಂತ ಮೇಲಿನ ಕಂಪನಗಳನ್ನು ಮಾತ್ರ ಅದು ತಡೆಯಬಲ್ಲದು. ಸೆಕೆಂಡಿಗೆ ೪೦ ಕಂಪನಗಳ ಮಂದ್ರ ನಾದವನ್ನು ತೆಗೆದುಕೊಂಡರೆ, ಲೆಕ್ಕದ ಮಟ್ಟಿಗೆ ಮೊದಲನೆಯ ಕಾಲು ನಡುಕದ ಐದರಲ್ಲೊಂದು ಪಾಲನ್ನು ಕೆಳಗೆ ಬಿಡುತ್ತದೆ, ಎರಡನೆಯದು ಇಪ್ಪತ್ತನಾಲ್ಕರಲ್ಲೊಂದನ್ನು. ಮರದ ನೆಲ ತಾನೂ ಬಳುಕುವುದರಿಂದ ವ್ಯವಹಾರದಲ್ಲಿ ಇಷ್ಟು ಫಲ ಸಿಗಲಾರದು. ಆದರೂ ಸ್ಪೀಕರಿನ ಪಕ್ಕದಲ್ಲಿ ನೆಲಕ್ಕೆ ಅಂಗೈಯನ್ನು ಒತ್ತಿ ನೋಡಿದವರಿಗೆ ವ್ಯತ್ಯಾಸ ತಿಳಿಯದಿರದು.

ಹಳೆಯ ಮನೆಗಳಲ್ಲಿ ಗುಂಡುತಳದ ಕೊಡಕ್ಕೆ ತಕ್ಕ ಸಿಂಬೆಯನ್ನು ಇಡುತ್ತಿದ್ದರು. ದೊಡ್ಡ ಕೊಡಕ್ಕೆ ಸಣ್ಣ ಸಿಂಬೆಯೂ ಸಲ್ಲದು, ಸಣ್ಣದಕ್ಕೆ ದೊಡ್ಡದೂ ಸಲ್ಲದು. ಈ ಕಾಲುಗಳ ಧರ್ಮವೂ ಅದೇ. ಭಾರ ಸಾಲದಿದ್ದರೆ ಸ್ಪ್ರಿಂಗ್ ಕುಗ್ಗದೆ ಕಲ್ಲಿನಂತೆ ನಿಲ್ಲುತ್ತದೆ; ಹೆಚ್ಚಾದರೆ ಪೂರ್ತಿ ಅಮುಕಿಹೋಗಿ ಮತ್ತೆ ಕಲ್ಲೇ ಆಗುತ್ತದೆ. ೨೫ ಕಿಲೋ ತೂಕದ ಪೆಟ್ಟಿಗೆಗೆ ನಾಲ್ಕು ಕಾಲಾದರೆ ಒಂದೊಂದಕ್ಕೆ ಆರು ಕಿಲೋದಷ್ಟು ಭಾರ. ಅಯಸ್ಕಾಂತಗಳೆಲ್ಲ ಮುಂಬದಿಯಲ್ಲಿರುವುದರಿಂದ ಮುಂದಿನ ಎರಡರ ಮೇಲೆ ಸ್ವಲ್ಪ ಹೆಚ್ಚು. ಕಾಲು ಹೊರಬಲ್ಲ ಭಾರವನ್ನು ಕೇಳದೆ ಅದರ ಹೊಳಪಿಗೆ ಮಾರುಹೋದವನ ಹಣ ನೀರಿಗೆ ಹಾಕಿದಂತೆಯೇ ಸರಿ.

ಇನ್ನು, ಬಳುಕುವ ಕಾಲನ್ನು ಮೆತ್ತನೆಯ ಗಂಬಳಿಯ ಮೇಲೆ ನೇರವಾಗಿ ಇಡುವುದು ಜೋಕಾಲಿಯ ಮೇಲೆ ಜೋಕಾಲಿ ಕಟ್ಟಿದಂತೆ. ನಡುವೆ ಪೀಠವೊಂದು ಅಗತ್ಯ. ಅದಕ್ಕೆ ಅಂಗಡಿಯವನ ಬೆಲೆಯನ್ನೇ ತೆರಬೇಕೆಂದಿಲ್ಲ. ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಕೊಯ್ಯುವವರ ಬಳಿ ಉಳಿದ ತುಂಡುಗಳು ದೊರೆಯುತ್ತವೆ. ೪೦ ಸೆಂಟಿಮೀಟರ್ ಅಗಲ, ೫೦ ಸೆಂಟಿಮೀಟರ್ ಉದ್ದ, ೩ ಸೆಂಟಿಮೀಟರ್ ದಪ್ಪದ ಚಪ್ಪಡಿ ಸುಮಾರು ೧೬ ಕಿಲೋ ತೂಗುತ್ತದೆ. ಅದು ಗಂಬಳಿಯ ಮೇಲೆ ವಿಶಾಲವಾಗಿ ಕೂತು ಭಾರವನ್ನು ಹರಡುತ್ತದೆ. ಅದರ ಮೇಲೆ ಕಾಲು, ಕಾಲಿನ ಮೇಲೆ ಪೆಟ್ಟಿಗೆ. ಕಲ್ಲೂ ಕಾಲೂ ಸೇರಿ ಪೆಟ್ಟಿಗೆ ಏಳೆಂಟು ಸೆಂಟಿಮೀಟರ್ ಮೇಲೇರುವುದರಿಂದ, ತಾರದ ಸ್ವರಗಳನ್ನು ಹೊರಡಿಸುವ ಪುಟ್ಟ ಬಾಯಿ ಕುಳಿತವರ ಕಿವಿಯ ಮಟ್ಟವನ್ನು ಮೀರದಂತೆ ನೋಡಿಕೊಳ್ಳಬೇಕು.

ಮೇಲೇರಿದ್ದು ಸುಲಭವಾಗಿ ಉರುಳುತ್ತದೆ ಎಂಬುದನ್ನೂ ಇಲ್ಲಿಯೇ ನೆನೆಯಬೇಕು. ತೊಟ್ಟಿಲಿನಿಂದ ಇಳಿದ ಕೂಸಿಗೆ ಎದುರಿಗೆ ಕಂಡದ್ದೆಲ್ಲ ಹಿಡಿದು ನಿಲ್ಲುವ ಆಸರೆ. ೨೫ ಕಿಲೋ ತೂಕದ ಆಸರೆಯು ಸ್ಪ್ರಿಂಗಿನ ಮೇಲೆ ಓಲಾಡುತ್ತಿದ್ದರೆ ಅದಕ್ಕಿಂತ ಭಯಂಕರವಾದದ್ದು ಬೇರೆ ಬೇಡ. ಪೆಟ್ಟಿಗೆಯ ಬುಡದಿಂದ ಹೊರಕ್ಕೆ ಚಾಚುವ ಅಗಲವಾದ ಅಡ್ಡಪಟ್ಟಿಗಳನ್ನು ಜೋಡಿಸಿ, ಕಾಲುಗಳನ್ನು ಅವುಗಳ ತುದಿಗೆ ಕೂರಿಸಬೇಕು. ಬೆನ್ನಿನ ಮೇಲ್ಭಾಗದಿಂದ ಗೋಡೆಯೊಳಗಿನ ಮರಕ್ಕೆ ಗಟ್ಟಿಯಾದ ಪಟ್ಟಿಯೊಂದನ್ನು ಬಿಗಿಯಬೇಕು. ಪಟ್ಟಿ ತುಸು ಸಡಿಲವಾಗಿದ್ದರೆ ನಡುಕ ಗೋಡೆಗೆ ದಾಟದು, ಪೆಟ್ಟಿಗೆ ಉರುಳದು. ಇದು ಕೂಡದ ಕೋಣೆಯಾದರೆ, ಮಗು ಬೆಳೆಯುವವರೆಗೆ ಸ್ಪ್ರಿಂಗಿನ ಆಸೆಯನ್ನು ಬಿಡುವುದೇ ವಿವೇಕ.

ಇಷ್ಟೆಲ್ಲ ಮಾಡಿದ ಗೃಹಸ್ಥನು ರಾತ್ರಿ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ಮುದ್ರಿಕೆಯೊಂದನ್ನು ಹಾಕಿ ಕಣ್ಣು ಮುಚ್ಚಿ ಕೂತಾಗ, ಕೆಳಗಿನ ಕೋಣೆಯ ತಾಯಿಗೂ ನಿದ್ದೆ ಬಂದಿರುವುದೆಂದು ನಂಬುತ್ತಾನೆ. ಬೆಳಗ್ಗೆ ಆಕೆ ಹೇಳುವ ಮಾತೇ ಬೇರೆ: “ವೀಣೆ ಕೇಳಿಸೋದೇ ಇಲ್ಲ ಕಣೋ. ಮೃದಂಗದ ಎಡಗೈ ಮಾತ್ರ ತಲೆ ಮೇಲೆ ನಡೀತಾ ಇರುತ್ತೆ.” ಆಕೆಯ ಮಾತಿನಲ್ಲಿ ಶಾಸ್ತ್ರವಿದೆ. ಕಾಲು ತಡೆಯುವುದು ಪೆಟ್ಟಿಗೆಯಿಂದ ನೆಲಕ್ಕೆ ಇಳಿಯುವ ನಡುಕವನ್ನು ಮಾತ್ರ. ಗಾಳಿಯಲ್ಲಿ ಹಬ್ಬಿದ ಮಂದ್ರ ನಾದವು ಇಡೀ ನೆಲವನ್ನೇ ತಟ್ಟಿ ಕೆಳಗಿಳಿಯುತ್ತದೆ. ವೀಣೆಯ ತೆಳುವಾದ ಸ್ವರಗಳು ಗಂಬಳಿಯಲ್ಲೂ ಹಲಗೆಯಲ್ಲೂ ಅಡಗಿಹೋಗುತ್ತವೆ. ಮಂದ್ರಕ್ಕೆ ಅದು ಅಡ್ಡಿಯೇ ಅಲ್ಲ. ಮೇಲಿನವರಿಗೆ ನೆಲವಾದದ್ದು ಕೆಳಗಿನವರಿಗೆ ಮಾಳಿಗೆ, ಮತ್ತು ಆ ಮಾಳಿಗೆಯನ್ನು ಮೌನವಾಗಿಸುವ ಕಾಲನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಅದಕ್ಕಿರುವ ಉಪಾಯ ಒಂದೇ, ಅದಕ್ಕೆ ಖರ್ಚೂ ಇಲ್ಲ. ರಾತ್ರಿ ಒಂಬತ್ತಾದ ಮೇಲೆ ಧ್ವನಿಯ ಗುಂಡಿಯನ್ನು ತಗ್ಗಿಸುವುದು. ಸಂಜೆ ಹೊತ್ತಿರುವಾಗಲೇ ತಾಯಿಯನ್ನು ಮೇಲಕ್ಕೆ ಕರೆದು ಒಳ್ಳೆಯ ಕುರ್ಚಿಯಲ್ಲಿ ಕೂರಿಸುವುದು. ಆಗ ಆಕೆಗೆ ವೀಣೆಯೂ ಕೇಳಿಸುತ್ತದೆ.