ಬಳೆ ಪೆಟ್ಟಿಗೆ ಮತ್ತು ಉತಾರ

ತಂದೆ ತೀರಿಕೊಂಡ ಮೇಲೆ ನಾವು, ಅಂದರೆ ಇಬ್ಬರು ಅಣ್ಣತಮ್ಮಂದಿರು ಮತ್ತು ಒಬ್ಬ ತಂಗಿ, ಒಟ್ಟಿಗೆ ಕುಳಿತು ಓದಿದ ಮೊದಲ ಕಾಗದ ಹೊಲದ ಉತಾರ. ಪಹಣಿಗೆ ನಮ್ಮ ರನ್ನ ಬೆಳಗಲಿಯ ಕಡೆ ಉತಾರ ಎನ್ನುತ್ತಾರೆ. ಮರಾಠಿಯಿಂದ ಬಂದ ಮಾತು. ಅದರಲ್ಲಿ ಒಂಬತ್ತನೆಯ ಕಾಲಮ್ಮಿನಲ್ಲಿ ಮಾಲೀಕನ ಹೆಸರು, ಹನ್ನೊಂದರಲ್ಲಿ ಸಾಲದ ಬೋಜಾ, ಹನ್ನೆರಡರಲ್ಲಿ ಬೆಳೆ. ಇಷ್ಟು ವರ್ಷ ಆ ಹೊಲದ ಕಬ್ಬು ಮಾರಿ ಓದಿ ದೊಡ್ಡವರಾದ ನಮಗೆ ಈ ಕಾಲಮ್ಮುಗಳ ಅರ್ಥವನ್ನು ಕಂಪ್ಯೂಟರ್ ಅಂಗಡಿಯ ಹುಡುಗ ಹೇಳಿಕೊಡಬೇಕಾಯಿತು.

ಉತಾರ ತೆಗೆಸಲು ಹೋದ ದಿನ ಆ ಹುಡುಗ ಒಂದೊಂದೇ ಕೇಳುತ್ತಾ ಹೋದ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು. ಇಲ್ಲಿಯವರೆಗೆ ಸರಿ. ಆಮೇಲೆ ಸರ್ವೆ ನಂಬರ್ ಕೇಳಿದ. ನಾವು ಊರಿಗೆ ಫೋನ್ ಮಾಡಿ ತಾಯಿಯನ್ನು ಕೇಳಿದೆವು. "ಹುಣಸೀಗಿಡದ ಹೊಲ ಅಂತ ಹೇಳ್ರಿ, ಎಲ್ಲಾರಿಗೂ ಗೊತ್ತೈತಿ" ಎಂದರು. ಹುಡುಗ ನಕ್ಕ. ಸರ್ವೆ ನಂಬರ್ ಹೇಗೋ ಸಿಕ್ಕ ಮೇಲೆ 'ಸರ್ನಾಕ್' ಎಂಬ ಇನ್ನೊಂದು ಖಾನೆ ಬಂತು, ಅದರೊಳಗೆ ಒಂದು ನಕ್ಷತ್ರ ಚಿಹ್ನೆ. ಏನಿದು ಎಂದು ಕೇಳಿದರೆ, "ಅದು ಹಂಗ ಇರ್ತೈತ್ರಿ, ಒತ್ತಬೇಕು ಅಷ್ಟ" ಎಂದ. ನಂತರ ಹಿಸ್ಸಾ. ನಮ್ಮ ತಾಯಿಗೆ ಗೊತ್ತಿದ್ದ ಹೊಲ, ಅದಕ್ಕೆ ನೀರು ಬರುವ ದಾರಿ, ಬದುವಿನ ಜಗಳ, ಇವಕ್ಕೆ ಆ ತೆರೆಯ ಮೇಲೆ ಬಾಗಿಲೇ ಇರಲಿಲ್ಲ.

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಅಕ್ಕನಂತಿರುವ ಒಬ್ಬರ ಮಗ ಆ ವಾರ ಊರಿಗೆ ಬಂದಿದ್ದ. ಇದಕ್ಕೆ ಇನ್ಫರ್ಮೇಶನ್ ಆರ್ಕಿಟೆಕ್ಚರ್ ಎನ್ನುತ್ತಾರೆ, ತನ್ನ ಸಂಬಳ ಅದರಿಂದಲೇ ಬರುತ್ತದೆ ಎಂದ. ಮಾಹಿತಿಗೆ ಮನೆ ಕಟ್ಟುವ ಕೆಲಸವಂತೆ. ಯಾವ ಕೋಣೆ ಎಲ್ಲಿ, ಯಾವುದಕ್ಕೆ ಏನು ಹೆಸರು, ಎಲ್ಲಿಂದ ಎಲ್ಲಿಗೆ ಬಾಗಿಲು ಎಂದು ಗೊತ್ತು ಮಾಡುವುದು. 1976ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಮ್ಮೇಳನವೊಂದರಲ್ಲಿ ರಿಚರ್ಡ್ ಸಾಲ್ ವುರ್ಮನ್ ಎಂಬವರು ಈ ಮಾತನ್ನು ಚಲಾವಣೆಗೆ ತಂದರು. 1998ರಲ್ಲಿ ರೋಸೆನ್‌ಫೆಲ್ಡ್ ಮತ್ತು ಮೋರ್ವಿಲ್ ಬರೆದ ಪುಸ್ತಕದಿಂದ ವೆಬ್‌ಸೈಟ್ ಮಾಡುವವರಿಗೆಲ್ಲ ಅದು ಪಾಠವಾಯಿತು. ಆದರೆ ಅವರೆಲ್ಲರಿಗಿಂತ ಮೊದಲೇ, 1933ರಲ್ಲಿ, ಎಸ್. ಆರ್. ರಂಗನಾಥನ್ ಗ್ರಂಥಾಲಯಕ್ಕಾಗಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದ್ದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು, 1962ರಲ್ಲಿ ಅಲ್ಲಿ ದಾಖಲೀಕರಣದ ಸಂಶೋಧನಾ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡವರು. ಒಂದು ಪುಸ್ತಕವನ್ನು ಒಂದೇ ಕೊಂಬೆಗೆ ನೇತುಹಾಕಬೇಡಿ, ಅದಕ್ಕೆ ಹಲವು ಮುಖಗಳಿವೆ ಎಂಬುದು ಅವರ ವಿಚಾರದ ತಿರುಳು. ಕಬ್ಬಿನ ರೋಗದ ಪುಸ್ತಕವನ್ನು ಕಬ್ಬು ಎಂದು ಹುಡುಕಿದವನಿಗೂ ಸಿಗಬೇಕು, ರೋಗ ಎಂದವನಿಗೂ, ಮುಧೋಳ ಎಂದವನಿಗೂ.

ಇದನ್ನು ಕೇಳಿದಾಗ ನಮಗೆ ನೆನಪಾದದ್ದು ಅಜ್ಜಿಯ ಬಳೆ ಪೆಟ್ಟಿಗೆ. ತಾಯಿಯ ಕಡೆಯವರು ಮಣಿಯಾರರು, ಸಂತೆಯಿಂದ ಸಂತೆಗೆ ಬಳೆ ಮಾರಿದವರು. ಅಜ್ಜಿ ಪೆಟ್ಟಿಗೆಯಲ್ಲಿ ಬಳೆಗಳನ್ನು ಮೊದಲು ಅಳತೆಯ ಪ್ರಕಾರ ಜೋಡಿಸುತ್ತಿದ್ದಳು, ಅದರೊಳಗೆ ಬಣ್ಣ, ಅದರೊಳಗೆ ದರ. ಬಣ್ಣ ಮೊದಲು ಬಂದರೆ ಚೆಂದ ಕಾಣುತ್ತದಲ್ಲ ಎಂದು ಕೇಳಿದ್ದಕ್ಕೆ, ಕೈಗೆ ಏರದ ಬಳೆಯ ಬಣ್ಣ ನೋಡಿ ಹೆಂಗಸು ಏನು ಮಾಡ್ತಾಳೆ ಎಂದಿದ್ದಳು. ಬಾಣಂತಿಗೆ, ಮದುವಣಗಿತ್ತಿಗೆ ಎಂದು ಬೇರೆ ಕಟ್ಟುಗಳೂ ಇದ್ದವು. ಅದು ಕೊಳ್ಳುವವರ ಪ್ರಶ್ನೆಯಿಂದ ಹುಟ್ಟಿದ ಜೋಡಣೆ. ಉತಾರದ ತೆರೆ ಮಾತ್ರ ಇಲಾಖೆಯ ಕಪಾಟಿನಿಂದ ಹುಟ್ಟಿದ್ದು.

ನಮ್ಮ ಊರಿನ ರನ್ನನೂ ಬಳೆಗಾರರ ಮನೆತನದವನೇ. 949ರಲ್ಲಿ ಹುಟ್ಟಿ, 993ರಲ್ಲಿ ಅಜಿತಪುರಾಣ ಬರೆದವನು. ರನ್ನಕಂದ ಎಂಬ ನಿಘಂಟೊಂದನ್ನೂ ಅವನ ಹೆಸರಿಗೆ ಹೇಳುತ್ತಾರೆ, ಅದರಲ್ಲಿ ಉಳಿದಿರುವುದು ಕೆಲವೇ ಪದ್ಯಗಳು. ನಿಘಂಟು ಪದ್ಯದಲ್ಲೇಕೆ? ಅದನ್ನು ಇಡುವ ಜಾಗ ಜನರ ನೆನಪು. ನೆನಪಿಗೆ ಅಕಾರಾದಿಗಿಂತ ಛಂದಸ್ಸು ಒಳ್ಳೆಯ ಕಪಾಟು. ಬಳೆಗಾರರ ಮನೆಯ ಮಗ ಮಾತುಗಳನ್ನು ಜೋಡಿಸುವಾಗ ಪೆಟ್ಟಿಗೆಯನ್ನು ನೆನೆದನೋ ಇಲ್ಲವೋ, ನಮಗಂತೂ ಹಾಗೆ ಊಹಿಸಿಕೊಳ್ಳಲು ಇಷ್ಟ.

ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳುವ ಉದ್ದೇಶ ನಮಗಿಲ್ಲ. ತಲಾಠಿಯ ಚೀಲದಲ್ಲಿ ದಫ್ತರವಿದ್ದ ದಿನಗಳಲ್ಲಿ ತಂದೆ ಒಂದು ಉತಾರಕ್ಕಾಗಿ ಎಷ್ಟು ಸಲ ಅಲೆದರೆಂಬುದು ನಮಗೆ ಗೊತ್ತು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು, ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಸೇರಿದವು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ಸಿಗತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ಕಟ್ಟು ಬಂತು. ಸರದಿಯೂ ಒಂದು ವಿನ್ಯಾಸವೇ. ಬಡವನಿಗೆ ಅದಕ್ಕಿಂತ ದೊಡ್ಡ ಉಪಕಾರ ಕಡಿಮೆ.

ನಮ್ಮ ತೊಡಕು ಬೇರೆ ಕಡೆ ಇತ್ತು. ಹಳೆಯ ಕೈಬರಹದಲ್ಲಿ ತಂದೆಯ ಹೆಸರಿಗೆ 'ಸಾಬ' ಅಂಟಿಕೊಂಡಿದೆ, ಆಧಾರಿನಲ್ಲಿ ಅದು ಉದುರಿ 'ಹುಸೇನ್' ಬಂದಿದೆ, ಬ್ಯಾಂಕಿನ ಪುಸ್ತಕದಲ್ಲಿ ಅದೇ 'ಹುಸೇನ'. ನಮ್ಮ ಕಡೆ ಅರ್ಧಾಕ್ಷರ ಬರೆಯುವ ರೂಢಿ ಕಡಿಮೆ. ಓದುವ ಮನುಷ್ಯನಿಗೆ ಎರಡೂ ಒಂದೇ, ಯಂತ್ರಕ್ಕೆ ಇಬ್ಬರು ಬೇರೆ ಬೇರೆ ಮನುಷ್ಯರು. ಪಹಣಿಗೆ ಆಧಾರ್ ಜೋಡಿಸುವ ಕೆಲಸ 2024ರಲ್ಲಿ ಜೋರಾಗಿ ನಡೆದಾಗ ಇಂಥ ಎಷ್ಟೋ ಮನೆಗಳ ಹೆಸರುಗಳು ಒಂದರ ಪಕ್ಕ ಒಂದು ಬಂದು ನಿಂತವು. ಹಳೆಯ ಕಂದಾಯ ಕಾಗದಗಳಲ್ಲಿ ಮಗನಿಗೆ 'ಬಿನ್', ಹೆಂಡತಿಗೆ 'ಕೋಂ' ಎಂದು ಬರೆಯುತ್ತಿದ್ದರು. ಎರಡೂ ಅರಬಿಯಿಂದ ಬಂದು ಎಲ್ಲ ಜಾತಿಯವರ ಹೆಸರುಗಳ ನಡುವೆ ಕುಳಿತ ಮಾತುಗಳು. ಆ ಪುಟ್ಟ ಪದಗಳು ಸಂಬಂಧವನ್ನು ಹೇಳುತ್ತಿದ್ದವು. ಈಗಿನ ಫಾರಮ್ಮು ಕೇಳುವುದು ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು.

ಈ ಮೂರು ಖಾನೆಗಳಲ್ಲಿ ಕಳೆದುಹೋದವಳು ತಂಗಿ. ಶಾಲೆಯ ದಾಖಲೆಯಲ್ಲಿ ಅವಳ ಹೆಸರಿನ ಮುಂದೆ ತಂದೆಯ ಹೆಸರಿದೆ, ಆಧಾರಿನಲ್ಲಿ ಗಂಡನದು, ರೇಷನ್ ಕಾರ್ಡಿನಲ್ಲಿ ಅತ್ತೆ ಮನೆಯ ಅಡ್ಡಹೆಸರು. ವಂಶವೃಕ್ಷ ಬರೆಸುವಾಗ ಯಾರೋ, "ಹೆಣ್ಣುಮಗಳ ಹೆಸರು ತಾಳೆ ಆಗಂಗಿಲ್ಲ, ಬಿಟ್ಟರ ಲಗೂನ ಆಕ್ಕೈತಿ" ಎಂದು ಸಲಹೆ ಕೊಟ್ಟರು. ನಾವು ಅಣ್ಣತಮ್ಮಂದಿರು ಒಂದು ಕ್ಷಣ ಸುಮ್ಮನಿದ್ದೆವು. ಧರ್ಮ ಹೆಣ್ಣುಮಕ್ಕಳಿಗೆ ಪಾಲು ಗೊತ್ತು ಮಾಡಿದೆ ಎಂದು ವೇದಿಕೆಗಳಲ್ಲಿ ಹೇಳುವವರು ನಾವೇ. ಆದರೂ ಸುಮ್ಮನಿದ್ದೆವು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ತಂಗಿಯೇ ಮಾತಾಡಿದಳು: "ಹೆಸರು ಮೂರ ಅದಾವು, ನಾ ಒಬ್ಬಾಕಿನ ಅದೀನಿ."

ಸಂಜೆ ಹುಡುಗ ತನ್ನ ಮೊಬೈಲಿನಲ್ಲಿ ಮುಂದಿನ ಕಾಲವನ್ನು ತೋರಿಸಿದ. ಇನ್ನು ಖಾನೆ ತುಂಬುವ ಕಷ್ಟ ಇರುವುದಿಲ್ಲ, ಮಾತಾಡಿದರೆ ಸಾಕು ಎಂದ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಭಾಷಿಣಿಯಂಥ ಯೋಜನೆಗಳು ಕನ್ನಡದ ಮಾತನ್ನೂ ಯಂತ್ರಕ್ಕೆ ಕಲಿಸುತ್ತಿವೆ. ತಾಯಿ ಫೋನಿಗೆ ಬಾಯಿ ಹತ್ತಿರ ಇಟ್ಟು, "ನಮ್ಮ ಹೊಲದ ವಾರಸಾ ಹೆಂಗ ಮಾಡಸೂದು" ಎಂದು ಕೇಳಿದರು. ಉತ್ತರ ನುಣುಪಾಗಿ ಬಂತು, ಬೇಕಾದ ಕಾಗದಗಳ ಪಟ್ಟಿಯೂ ಬಂತು. ಓದಲು ಬಾರದ ತಾಯಿ ಯಾರ ಮುಂದೆಯೂ ನಿಲ್ಲದೆ ಇಷ್ಟು ಕೇಳಬಹುದಾದರೆ ಅದು ಸಣ್ಣ ಸಂಗತಿಯಲ್ಲ.

ಆದರೆ ನಮಗೆ ಸಮಾಧಾನವಾಗಲಿಲ್ಲ. ಉತಾರದ ಹಾಳೆಯಲ್ಲಿ ಕಾಲಮ್ಮುಗಳಿದ್ದುದರಿಂದಲೇ ಯಾವ ಹೆಸರು ಎಲ್ಲಿ ಇಲ್ಲ ಎಂದು ಬೆರಳಿಟ್ಟು ನೋಡಿದೆವು. ಕಪಾಟು ಕಣ್ಣಿಗೆ ಬೀಳುತ್ತಿದ್ದರೆ ಖಾಲಿ ಜಾಗವೂ ಬೀಳುತ್ತದೆ. ಮಾತಾಡುವ ಯಂತ್ರದ ಹಿಂದೆಯೂ ಅದೇ ಕಪಾಟಿದೆ, ಅದೇ ಮೂರು ಖಾನೆಗಳಿವೆ, ಮೇಲೆ ಸಿಹಿ ದನಿಯ ಪರದೆ ಬಂದಿದೆ ಅಷ್ಟೆ. ಮುಂದೊಂದು ದಿನ ತಂಗಿ ಕೇಳಿದಾಗ ಅದು ನಿಮ್ಮ ಹೆಸರಿಗೆ ಏನೂ ಇಲ್ಲ ಎಂದುಬಿಟ್ಟರೆ, ಯಾವ ಖಾನೆಯಲ್ಲಿ ತಾನು ಬಿದ್ದುಹೋದೆ ಎಂದು ಅವಳು ಎಲ್ಲಿ ನೋಡಬೇಕು? ಹುಡುಗ ಸ್ವಲ್ಪ ಯೋಚಿಸಿ, ಅದನ್ನು ತೋರಿಸುವಂತೆಯೂ ಕಟ್ಟಬಹುದು, ಆದರೆ ಹಾಗೆ ಕಟ್ಟಿಕೊಡಿ ಎಂದು ತಮ್ಮನ್ನು ಯಾರೂ ಕೇಳಿಲ್ಲ ಎಂದ.

ವಂಶವೃಕ್ಷವನ್ನು ಮತ್ತೆ ಬರೆಸಿದೆವು. ಮೂರು ಹೆಸರುಗಳವಳು ಒಬ್ಬಳೇ ಎಂಬ ಪ್ರಮಾಣಪತ್ರಕ್ಕೆ ತಂಗಿ ಸಹಿ ಹಾಕಿದಳು, ಸಾಕ್ಷಿಯಾಗಿ ನಾವಿಬ್ಬರೂ ಹಾಕಿದೆವು. ಅರ್ಜಿ ಸರದಿಯಲ್ಲಿದೆ. ಸೋಮವಾರ ಮತ್ತೆ ಕಿಟಕಿಗೆ ಹೋಗಬೇಕು, ತಂಗಿ ಜಮಖಂಡಿಯಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ.